ಹನ್ನೊಂದು ಗಂಟೆಗೆ ತಿರುಗುವ ಪುಟ

ಎಲ್ಲರಿಗೂ ನಮಸ್ಕಾರ.

ನವೆಂಬರ್ ಬಂತು ಅಂದರೆ ಕೆನಡಾದಲ್ಲಿರುವ ನಮ್ಮ ಕನ್ನಡಿಗರಿಗೆ ರಾಜ್ಯೋತ್ಸವದ ಸಡಗರ. ಇದೇ ತಿಂಗಳ 11, ಯುದ್ಧಗಳಲ್ಲಿ ಮಡಿದವರನ್ನು ಈ ದೇಶ ಪಾಪ್ಪಿ ಹೂವು ಧರಿಸಿ ನೆನೆಯುವ ದಿನ. ಇವತ್ತು ಬಾಗಿಲಲ್ಲಿ ನಿಂತು ನಿಮ್ಮನ್ನೆಲ್ಲ ನೋಡುತ್ತಿದ್ದೆ. ಎಷ್ಟೋ ಜನರ ಎದೆಯ ಮೇಲೆ ಅರಿಶಿನ-ಕುಂಕುಮದ ಬ್ಯಾಡ್ಜ್ ಪಕ್ಕದಲ್ಲೇ ಒಂದು ಕೆಂಪು ಪಾಪ್ಪಿ ಹೂವೂ ಇತ್ತು. ನಾನೂ ಹಾಕಿಕೊಂಡಿದ್ದೇನೆ. ರೇಷ್ಮೆ ಸೀರೆಗೆ ಈ ಪಿನ್ನು ಸರಿಯಾಗಿ ನಿಲ್ಲುವುದಿಲ್ಲ. ಬೆಳಗ್ಗೆಯಿಂದ ಎರಡು ಸಲ ಬಿತ್ತು, ಎರಡು ಸಲವೂ ಯಾರೋ ಹೆಕ್ಕಿ ಕೊಟ್ಟರು. ಈ ಹೂವು ಯಾರ ನೆನಪಿಗೆ ಅನ್ನೋದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅಂತ ಬಂದಿದ್ದೇನೆ.

ಪಾಪ್ಪಿ ನಮ್ಮ ಗಸಗಸೆಯ ಕುಟುಂಬದ ಗಿಡ. ಅದರ ಬೀಜ ವರ್ಷಗಟ್ಟಲೆ ಮಣ್ಣಿನೊಳಗೆ ಸುಮ್ನೆ ಮಲಗಿರುತ್ತದೆ. ನೆಲ ಕೆದಕಿ ಬೆಳಕು ಬಿದ್ದಾಗ ಮೊಳಕೆ ಒಡೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ಹೊಲಗಳನ್ನು ಫಿರಂಗಿಗಳು ಅಗೆದು ಹಾಕಿದವಲ್ಲ, ಅಲ್ಲೆಲ್ಲ ಇದು ಕೆಂಪಗೆ ಎದ್ದು ನಿಂತಿತು. 1915ರ ಮೇ ತಿಂಗಳಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜಾನ್ ಮೆಕ್‌ಕ್ರೇ ಎಂಬ ಕೆನಡಾದ ಮಿಲಿಟರಿ ಡಾಕ್ಟರ್ ತಮ್ಮ ಗೆಳೆಯನನ್ನು ಮಣ್ಣು ಮಾಡಬೇಕಾಯಿತು. ಆ ಸಂಕಟದಲ್ಲಿ ಅವರು ಒಂದು ಪುಟ್ಟ ಪದ್ಯ ಬರೆದರು, ಅದರಲ್ಲಿ ಈ ಹೂವು ಬಂತು. 1921ರಿಂದ ಕೆನಡಾದ ಜನ ಇದನ್ನು ಎಡಗಡೆ, ಹೃದಯದ ಹತ್ತಿರ ಧರಿಸುತ್ತಿದ್ದಾರೆ.

ಅದೇ ಈಪ್ರ್‌ನಲ್ಲಿ, ಅದೇ ದಿನಗಳಲ್ಲಿ, ಕೆನಡಾದವರ ನೆರವಿಗೆ ಬಂದ ಪಡೆಗಳಲ್ಲಿ ಭಾರತದ ಲಾಹೋರ್ ಡಿವಿಜನ್ ಕೂಡ ಇತ್ತು. ವಿಷಾನಿಲದ ಎದುರು ಕೆನಡಾದ ಹುಡುಗರೂ ನಮ್ಮ ಹುಡುಗರೂ ನಿಂತಿದ್ದರು. ಅಲ್ಲಿನ ಮೆನಿನ್ ಗೇಟ್ ಕಮಾನಿನ ಗೋಡೆಗಳ ಮೇಲೆ ಸಮಾಧಿಯೂ ಸಿಗದ 54 ಸಾವಿರಕ್ಕೂ ಜಾಸ್ತಿ ಜನರ ಹೆಸರುಗಳಿವೆ. ಕೆನಡಾದವರೂ ಇದ್ದಾರೆ, ನಮ್ಮವರೂ ಇದ್ದಾರೆ.

ಹೆಸರು ಅಂದೆ ನೋಡಿ, ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಅದನ್ನೇ. ಆಗ ಕೆನಡಾದ ಜನಸಂಖ್ಯೆ 80 ಲಕ್ಷವೂ ಇರಲಿಲ್ಲ. ಅದರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸೈನ್ಯ ಸೇರಿದರು, 60 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ವಿಮಿ ದಿಣ್ಣೆಯ ಮೇಲೆ ಕೆನಡಾದ ನಾಲ್ಕೂ ಡಿವಿಜನ್‌ಗಳು ಮೊದಲ ಸಲ ಒಟ್ಟಿಗೆ ನುಗ್ಗಿದವು. ನಾಲ್ಕು ದಿನದಲ್ಲಿ ದಿಣ್ಣೆ ಕೈಗೆ ಬಂತು. ಆದರೆ 3,598 ಜನ ಹೋದರು. ದೇಶ ಹುಟ್ಟಿದ್ದೇ ಅಲ್ಲಿ ಅಂತ ಹೇಳುವವರಿದ್ದಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಅಷ್ಟು ಮಕ್ಕಳನ್ನು ಕಳೆದುಕೊಂಡ ದಿನವನ್ನು ಹುಟ್ಟುಹಬ್ಬದ ಹಾಗೆ ಹೇಳಬಾರದು ಅನಿಸುತ್ತದೆ. ಆ ದಿಣ್ಣೆಯ ಮೇಲೆ 1936ರಲ್ಲಿ ಎದ್ದು ನಿಂತ ಸ್ಮಾರಕ ನನಗೆ ಹೆಚ್ಚು ಹತ್ತಿರ. ಫ್ರಾನ್ಸಿನಲ್ಲಿ ಸತ್ತು, ಇಂಥದ್ದೇ ಜಾಗದಲ್ಲಿ ಇದ್ದಾರೆ ಅಂತ ಹೇಳಲಾಗದ 11,285 ಜನರ ಹೆಸರು ಅದರ ಕಲ್ಲಿನಲ್ಲಿ ಕೊರೆದಿದ್ದಾರೆ.

ನ್ಯೂಫೌಂಡ್‌ಲ್ಯಾಂಡ್‌ನ ಕತೆ ಬೇರೆ. ಆಗ ಅದು ಕೆನಡಾಕ್ಕೆ ಸೇರಿರಲಿಲ್ಲ, ಸೇರಿದ್ದು 1949ರಲ್ಲಿ. 1916ರ ಜುಲೈ 1ರಂದು ಫ್ರಾನ್ಸಿನ ಬೋಮೋಂ-ಹಾಮೆಲ್ ಎಂಬಲ್ಲಿ ಅವರ ರೆಜಿಮೆಂಟಿನ ಸುಮಾರು 800 ಜನ ಕಂದಕದಿಂದ ಎದ್ದು ಹೊರಟರು. ಮರುದಿನ ಹಾಜರಿ ಕರೆದಾಗ ಓಗೊಟ್ಟವರು 68 ಜನ. ಇಂದಿಗೂ ಜುಲೈ 1ರಂದು, ಇಡೀ ದೇಶ ಕೆನಡಾ ದಿನ ಅಂತ ಸಂಭ್ರಮಿಸುವಾಗ, ಅಲ್ಲಿಯವರು ಬೆಳಗ್ಗೆ ಸ್ಮಾರಕದ ಮುಂದೆ ತಲೆಬಾಗಿ ನಿಂತು, ಆಮೇಲೆ ಹಬ್ಬಕ್ಕೆ ಹೋಗುತ್ತಾರೆ.

ಒಟ್ಟಾವಾದ ಪಾರ್ಲಿಮೆಂಟ್ ಗುಡ್ಡದ ಮೇಲೆ ಒಂದಷ್ಟು ದೊಡ್ಡ ಪುಸ್ತಕಗಳಿವೆ. ಸ್ಮರಣೆಯ ಪುಸ್ತಕಗಳು ಅನ್ನುತ್ತಾರೆ. ದೇಶಕ್ಕಾಗಿ ಮಡಿದವರ ಹೆಸರುಗಳನ್ನು ಬಣ್ಣದ ಅಲಂಕಾರದ ಜೊತೆ ಅವುಗಳಲ್ಲಿ ಬರೆದಿಟ್ಟಿದ್ದಾರೆ. ಮೊದಲ ಮಹಾಯುದ್ಧದ ಪುಸ್ತಕ ಒಂದರಲ್ಲೇ 66 ಸಾವಿರಕ್ಕೂ ಹೆಚ್ಚು ಹೆಸರು. ದಿನಾ ಬೆಳಗ್ಗೆ 11 ಗಂಟೆಗೆ ಪುಟ ತಿರುವುತ್ತಾರೆ. ಪ್ರತಿಯೊಬ್ಬರ ಹೆಸರೂ ವರ್ಷಕ್ಕೆ ಒಂದು ಸಲವಾದರೂ ಬೆಳಕು ನೋಡಬೇಕು ಅನ್ನೋದು ಲೆಕ್ಕ. ಮೊದಲ ಸಲ ನೋಡಿದಾಗ ನನಗೆ ನಮ್ಮಜ್ಜಿ ಪಕ್ಷಮಾಸದಲ್ಲಿ ಒಬ್ಬೊಬ್ಬರದೇ ಹೆಸರು ಹಿಡಿದು ಎಡೆ ಇಡುತ್ತಿದ್ದದ್ದು ನೆನಪಾಯಿತು. ಗುಂಪಾಗಿ ಹಿರಿಯರು ಅಂತ ಕರೆದರೆ ಆಗುವುದಿಲ್ಲ, ಹೆಸರು ಹೇಳಬೇಕು ಅನ್ನುತ್ತಿದ್ದರು.

ಆದರೆ ಕೆಲವು ಹೆಸರುಗಳನ್ನು ಈ ದೇಶ ಬಹಳ ಕಾಲ ಬಾಯಿ ಬಿಟ್ಟು ಹೇಳಲಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲ ಯುದ್ಧಕ್ಕೆ ಜಪಾನಿ ಮೂಲದ 222 ಜನ ಸ್ವಯಂಸೇವಕರಾಗಿ ಹೋದರು. ಬ್ರಿಟಿಷ್ ಕೊಲಂಬಿಯಾದಲ್ಲಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಪಕ್ಕದ ಆಲ್ಬರ್ಟಾಗೆ ಹೋಗಿ ಸೈನ್ಯ ಸೇರಿದರು. 54 ಜನ ವಾಪಸ್ ಬರಲಿಲ್ಲ. 1920ರಲ್ಲಿ ವ್ಯಾಂಕೂವರ್‌ನ ಸ್ಟ್ಯಾನ್ಲಿ ಪಾರ್ಕ್‌ನಲ್ಲಿ ಅವರ ಸಮುದಾಯ ಒಂದು ಸ್ಮಾರಕ ಕಟ್ಟಿತು. ಬಿಳಿ ಕಂಬ, ಅದರ ತುದಿಯಲ್ಲಿ ಒಂದು ದೀಪ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುವಾಯಿತು, ಆ ದೀಪವನ್ನು ಆರಿಸಿದರು. 1942ರಲ್ಲಿ ಕರಾವಳಿಯ 20 ಸಾವಿರಕ್ಕೂ ಹೆಚ್ಚು ಜಪಾನಿ ಕೆನಡಿಯನ್ನರನ್ನು ಮನೆ, ಜಮೀನು, ದೋಣಿ ಎಲ್ಲ ಬಿಡಿಸಿ ಒಳನಾಡಿನ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮಸುಮಿ ಮಿಟ್ಸುಯಿ ಅವರೂ ಒಬ್ಬರು. ಅವರು ಇದೇ ಕೆನಡಾದ ಸೈನ್ಯದಲ್ಲಿ ಸಾರ್ಜೆಂಟ್ ಆಗಿ, ಶೌರ್ಯಕ್ಕೆ ಮಿಲಿಟರಿ ಪದಕ ಪಡೆದವರು. ಅವರ ಫಾರಂ ಹೋಯಿತು. ಎದೆಯ ಮೇಲಿನ ಪದಕ ಯಾವ ಉಪಯೋಗಕ್ಕೂ ಬರಲಿಲ್ಲ.

1985ರಲ್ಲಿ ಆ ದೀಪವನ್ನು ಮತ್ತೆ ಹಚ್ಚಿದರು. ಹಚ್ಚಿದವರು ಮಿಟ್ಸುಯಿ ಅವರೇ, ನೂರರ ಹತ್ತಿರದ ವಯಸ್ಸಿನಲ್ಲಿ. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಕಡೆಯವರೂ ಇದ್ದಾರೆ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಇಲ್ಲಿ ನೆಲೆಸಲು ಬಂದ 376 ಭಾರತೀಯರಲ್ಲಿ ಬಹುತೇಕ ಎಲ್ಲರನ್ನೂ ವ್ಯಾಂಕೂವರ್ ಬಂದರಿನಿಂದಲೇ ವಾಪಸ್ ಕಳಿಸಿದ್ದು ನಿಮಗೆ ಗೊತ್ತಿರಬಹುದು. ಅದರ ಮರುವರ್ಷವೇ ಬುಕ್ಕಮ್ ಸಿಂಗ್ ಎಂಬ ಯುವಕ ಒಂಟಾರಿಯೊದಲ್ಲಿ ಕೆನಡಾ ಸೈನ್ಯ ಸೇರಿದರು. ಹದಿನಾಲ್ಕರ ವಯಸ್ಸಿನಲ್ಲಿ ಪಂಜಾಬ್‌ನಿಂದ ಬಂದವರು. ಹೆಂಡತಿ ಊರಿನಲ್ಲೇ ಉಳಿದಿದ್ದರು. 1916ರಲ್ಲಿ ಎರಡು ಸಲ ಗಾಯಗೊಂಡರು. ಒಮ್ಮೆ ಅವರಿಗೆ ಚಿಕಿತ್ಸೆ ಸಿಕ್ಕಿದ್ದು ಆ ಪದ್ಯ ಬರೆದ ಡಾಕ್ಟರ್ ಮೆಕ್‌ಕ್ರೇ ಅವರ ಆಸ್ಪತ್ರೆಯಲ್ಲೇ. ಕೊನೆಗೆ ಕ್ಷಯ ಹಿಡಿದು 1919ರಲ್ಲಿ, 25ರ ವಯಸ್ಸಿನಲ್ಲಿ ಹೋದರು. ಕಿಚನರ್‌ನ ಸ್ಮಶಾನದಲ್ಲಿ ಅವರ ಕಲ್ಲು ಎಂಬತ್ತಕ್ಕೂ ಹೆಚ್ಚು ವರ್ಷ ಯಾರ ಗಮನಕ್ಕೂ ಬರದೆ ನಿಂತಿತ್ತು. ಆಮೇಲೆ ಅವರ ಪದಕವೊಂದು ಇಂಗ್ಲೆಂಡ್‌ನಲ್ಲಿ ಮಾರಾಟಕ್ಕೆ ಬಂತು. ಅದರ ಅಂಚಿನಲ್ಲಿದ್ದ ಹೆಸರು ಹಿಡಿದುಕೊಂಡು ಹುಡುಕುತ್ತಾ ಹೋದಾಗ ಸಮಾಧಿ ಸಿಕ್ಕಿತು. ಈಗ ಪ್ರತಿ ನವೆಂಬರ್‌ನಲ್ಲೂ ಅಲ್ಲಿ ಜನ ಸೇರುತ್ತಾರೆ. ಹೆಸರು ಒಂದು ಉಳಿದಿದ್ದರಿಂದ ಇಷ್ಟೆಲ್ಲ ಆಯಿತು ಅಲ್ವಾ?

ಇನ್ನೊಂದು ಜಾಗ ಹೇಳುತ್ತೇನೆ. ಒಟ್ಟಾವಾದ ಯುದ್ಧ ಮ್ಯೂಸಿಯಂನಲ್ಲಿ ಒಂದು ಖಾಲಿ ಕೋಣೆ ಇದೆ. ಬರೀ ಕಾಂಕ್ರೀಟ್ ಗೋಡೆ, ಒಂದು ಕಿಂಡಿ, ಒಂದು ಕಲ್ಲು. ವಿಮಿ ಹತ್ತಿರದ ಸ್ಮಶಾನದಿಂದ ಗುರುತು ಸಿಗದ ಒಬ್ಬ ಸೈನಿಕನನ್ನು 2000ರಲ್ಲಿ ಕೆನಡಾಕ್ಕೆ ತಂದರು. ಅವರ ತಲೆಯ ಬಳಿ ಫ್ರಾನ್ಸಿನಲ್ಲಿ ನೆಟ್ಟಿದ್ದ ಕಲ್ಲು ಇದು. ನವೆಂಬರ್ 11ರಂದು, ಬೆಳಗ್ಗೆ 11 ಗಂಟೆಗೆ, ಅಂದರೆ ಮೊದಲ ಮಹಾಯುದ್ಧ ನಿಂತ ಹೊತ್ತಿಗೆ, ಮೋಡ ಇಲ್ಲದಿದ್ದರೆ, ಕಿಂಡಿಯಿಂದ ಬರುವ ಬಿಸಿಲು ಸರಿಯಾಗಿ ಆ ಕಲ್ಲಿನ ಮೇಲೆ ಬೀಳುತ್ತದೆ. ಅದನ್ನು ವಿನ್ಯಾಸ ಮಾಡಿದವರಲ್ಲಿ ಮುಖ್ಯರಾದವರು ರೇಮಂಡ್ ಮೊರಿಯಾಮ. 1942ರಲ್ಲಿ ಶಿಬಿರಕ್ಕೆ ಹೋದ ಜಪಾನಿ ಮನೆಗಳಲ್ಲಿ ಅವರದ್ದೂ ಒಂದು. ಆಗ ಅವರಿನ್ನೂ ಹುಡುಗ. ಶಿಬಿರದ ಹತ್ತಿರದ ಒಂದು ಮರದ ಮೇಲೆ ಗುಟ್ಟಾಗಿ ಪುಟ್ಟ ಮನೆ ಕಟ್ಟಿಕೊಂಡಿದ್ದರು. ತನ್ನನ್ನು ಹೊರಗಿಟ್ಟ ದೇಶದ ಸೈನಿಕರಿಗೆ, ಆ ಹುಡುಗ ದೊಡ್ಡವನಾದ ಮೇಲೆ, ಇಂಥ ಬೆಳಕಿನ ಕೋಣೆ ಕಟ್ಟಿಕೊಟ್ಟರು.

ಬರುವ 11ಕ್ಕೆ ನಮ್ಮಲ್ಲಿ ಕೆಲವರು ಒಟ್ಟಾವಾದ ರಾಷ್ಟ್ರೀಯ ಸ್ಮಾರಕಕ್ಕೆ ಹೋಗುತ್ತಿದ್ದೇವೆ. ಬ್ಯೂಗಲ್ ಊದಿ, ಎರಡು ನಿಮಿಷ ಮೌನ ಮುಗಿದು, ಗಣ್ಯರೆಲ್ಲ ಹೊರಟ ಮೇಲೆ ಜನ ಸಾಲಾಗಿ ಹೋಗಿ ತಮ್ಮ ಪಾಪ್ಪಿ ಹೂವನ್ನು ಬಿಚ್ಚಿ ಆ ಅಜ್ಞಾತ ಯೋಧನ ಸಮಾಧಿಯ ಮೇಲೆ ಇಡುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಕಲ್ಲೇ ಕಾಣುವುದಿಲ್ಲ, ಅಷ್ಟು ಕೆಂಪು. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಚಳಿ ಜಾಸ್ತಿ ಇರುತ್ತದೆ, ಕೈಗವಸು ಮರೆಯಬೇಡಿ. ಹೂವು ಬಿಚ್ಚುವಾಗ ಮಾತ್ರ ಅದನ್ನು ತೆಗೆಯಲೇಬೇಕಾಗುತ್ತದೆ.

ನಮಸ್ಕಾರ.