ಪಿಂಗಾಣಿ ಊರಿನ ಬುಟ್ಟಿ ಚೆಂಡು

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿನ ಮಾರ್ಸೆ ನಗರದಲ್ಲಿ ಫುಟ್‌ಬಾಲ್ ಅಭಿಮಾನಿಗಳ ಘೋಷಣೆಯೊಂದಿದೆ: ‘ಎಂದೆಂದಿಗೂ ಮೊದಲಿಗರು’. 1993ರ ಮೇ 26ರಂದು ಅವರ ಕ್ಲಬ್ಬು ಮಿಲಾನ್ ತಂಡವನ್ನು ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಫ್ರಾನ್ಸಿನ ಯಾವ ಫುಟ್‌ಬಾಲ್ ಕ್ಲಬ್ಬೂ ಅದಕ್ಕೆ ಮೊದಲು ಆ ಕಪ್ ಮುಟ್ಟಿರಲಿಲ್ಲ, ಹಾಗಾಗಿ ಘೋಷಣೆ ಸುಳ್ಳಲ್ಲ. ಆದರೆ ಲಿಮೋಜ್ ಎಂಬ ಊರಿಗೆ ಹೋಗಿ ಈ ಮಾತು ಆಡಿದರೆ ಜನ ಸುಮ್ಮನೆ ನಕ್ಕಾರು. ಮಾರ್ಸೆಗಿಂತ 41 ದಿನ ಮೊದಲು, ಏಪ್ರಿಲ್ 15ರಂದೇ, ಅವರ ಬಾಸ್ಕೆಟ್‌ಬಾಲ್ ಕ್ಲಬ್ಬು ಯುರೋಪಿನ ಅತಿ ದೊಡ್ಡ ಕಪ್ ಗೆದ್ದು ಮನೆಗೆ ತಂದಾಗಿತ್ತು.

ಇವತ್ತು ಆ ಕ್ಲಬ್ಬಿನ ಕಥೆ ಹೇಳುತ್ತೇನೆ. ಅಂಕಣದೊಳಗೆ ತನ್ನ ಬಲ ಎಷ್ಟು ಎಂಬುದನ್ನು ಲೆಕ್ಕ ಹಾಕಿ ಆಡಿ ಗೆದ್ದವರು ಇವರು. ಅಂಕಣದ ಹೊರಗೆ ಅದೇ ಲೆಕ್ಕ ತಪ್ಪಿ ಮುಳುಗಿದವರೂ ಇವರೇ.

ಲಿಮೋಜ್ ಇರುವುದು ಫ್ರಾನ್ಸಿನ ನಡುಭಾಗದಲ್ಲಿ, ವಿಯೆನ್ ನದಿಯ ದಂಡೆಯ ಮೇಲೆ. ಜನಸಂಖ್ಯೆ ಸುಮಾರು 1 ಲಕ್ಷ 30 ಸಾವಿರ. 18ನೇ ಶತಮಾನದಲ್ಲಿ ಹತ್ತಿರದ ಸ್ಯಾಂತಿರಿಯೆ ಎಂಬಲ್ಲಿ ಒಳ್ಳೆಯ ಬಿಳಿ ಜೇಡಿಮಣ್ಣು ಸಿಕ್ಕಿತು. ಅಲ್ಲಿಂದ ಮುಂದೆ ಪಿಂಗಾಣಿ ಎಂದರೆ ಲಿಮೋಜ್ ಎಂದಾಯಿತು. ಕಾರ್ಖಾನೆಗಳ ಜೊತೆ ಕಾರ್ಮಿಕರು ಬಂದರು, ಕಾರ್ಮಿಕರ ಜೊತೆ ಮುಷ್ಕರಗಳೂ ಬಂದವು. ಫ್ರಾನ್ಸಿನ ದೊಡ್ಡ ಕಾರ್ಮಿಕ ಒಕ್ಕೂಟವಾದ ಸಿ.ಜಿ.ಟಿ. 1895ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಕೆಂಪು ಊರು ಎಂದೇ ಇದಕ್ಕೆ ಹೆಸರು.

ಇಂಥ ಊರಿನ ಹೆಮ್ಮೆಯ ಕ್ಲಬ್ಬು ಹುಟ್ಟಿದ್ದು ಮಾತ್ರ ಚರ್ಚಿನ ನೆರಳಿನಲ್ಲಿ! ಹೆಸರೇ ಸೆರ್ಕ್ಲ್ ಸ್ಯಾಂ-ಪಿಯೆರ್, ಅಂದರೆ ಸಂತ ಪೀಟರನ ಬಳಗ. ಹುಟ್ಟಿದ ವರ್ಷ 1929. ಆ ಕಾಲದಲ್ಲಿ ಫ್ರಾನ್ಸಿನ ಪಾದ್ರಿಗಳು ಹುಡುಗರನ್ನು ಚರ್ಚಿನ ಕಡೆ ಉಳಿಸಿಕೊಳ್ಳಲು ಯುವಕ ಸಂಘ ಕಟ್ಟಿ ಆಟ ಆಡಿಸುತ್ತಿದ್ದರು. ಬಾಸ್ಕೆಟ್‌ಬಾಲಿಗೆ ದೊಡ್ಡ ಮೈದಾನ ಬೇಕಿಲ್ಲ, ಚರ್ಚಿನ ಹಿತ್ತಲೇ ಸಾಕು. ಫ್ರಾನ್ಸಿನ ಎಷ್ಟೋ ಬಾಸ್ಕೆಟ್‌ಬಾಲ್ ಕ್ಲಬ್ಬುಗಳ ಬೇರು ಹುಡುಕಿದರೆ ಒಬ್ಬ ಪಾದ್ರಿ ಸಿಗುವುದು ಇದಕ್ಕೇ. ಇವತ್ತು ಲಿಮೋಜಿನಲ್ಲಿ ಪೂರ್ತಿ ಹೆಸರು ಹೇಳುವವರು ಕಡಿಮೆ. ಸೆ-ಎಸ್-ಪೆ ಎಂಬ ಮೂರಕ್ಷರವೇ ಸಾಕು.

ಸುಮಾರು ಐವತ್ತು ವರ್ಷ ಇದು ಹೊರಗಿನವರಿಗೆ ಗೊತ್ತಿಲ್ಲದ ಕ್ಲಬ್ಬಾಗಿಯೇ ಇತ್ತು. 1970ರ ದಶಕದ ಕೊನೆಗೆ ಮೊದಲ ದರ್ಜೆ ತಲುಪಿತು. ಆಮೇಲೆ ನಡೆದದ್ದು ನಂಬುವುದು ಕಷ್ಟ. 1982ರಲ್ಲಿ ಕೊರಾಚ್ ಕಪ್ ಫೈನಲ್. ಯುರೋಪಿನ ಕಪ್‌ಗಳಲ್ಲಿ ಇದು ಮೂರನೆಯ ದರ್ಜೆಯದು, ನಿಜ. ಆದರೆ ಎದುರಿಗಿದ್ದ ಯುಗೊಸ್ಲಾವಿಯದ ಶಿಬೆಂಕಾ ತಂಡದಲ್ಲಿ 17 ವರ್ಷದ ದ್ರಾಜೆನ್ ಪೆತ್ರೊವಿಚ್ ಎಂಬ ಹುಡುಗನಿದ್ದ. ಮುಂದೆ ಯುರೋಪಿನ ಮಹಾನ್ ಆಟಗಾರರ ಸಾಲಿನಲ್ಲಿ ನಿಂತವನು. ಲಿಮೋಜ್ 90-84ರಿಂದ ಗೆದ್ದಿತು. ಮರುವರ್ಷ ಮತ್ತೆ ಅದೇ ಫೈನಲ್, ಅದೇ ಶಿಬೆಂಕಾ, ಅದೇ ಫಲಿತಾಂಶ. ಆ ವರ್ಷವೇ ಮೊದಲ ಸಲ ಫ್ರಾನ್ಸಿನ ಚಾಂಪಿಯನ್ ಪಟ್ಟವೂ ಬಂತು. 1988ರಲ್ಲಿ ಎರಡನೇ ದರ್ಜೆಯ ಕಪ್ ವಿನ್ನರ್ಸ್ ಕಪ್ಪಿನ ಫೈನಲ್‌ನಲ್ಲಿ ಸ್ಪೇನಿನ ಬಡಲೋನಾ ತಂಡವನ್ನು ಸೋಲಿಸಿದರು. ಇನ್ನು ಉಳಿದದ್ದು ಮೇಲಿನ ಒಂದೇ ಮೆಟ್ಟಿಲು.

ಅದನ್ನು ಹತ್ತಿಸಲು 1992ರಲ್ಲಿ ಬಂದವರು ಬೊಝಿದಾರ್ ಮಾಲ್ಕೊವಿಚ್ ಎಂಬ ಸರ್ಬಿಯಾದ ಕೋಚ್. ಸ್ಪ್ಲಿಟ್ ನಗರದ ತಂಡವನ್ನು 1989 ಮತ್ತು 1990ರಲ್ಲಿ ಯುರೋಪಿನ ಚಾಂಪಿಯನ್ ಮಾಡಿದ್ದವರು. ಲಿಮೋಜ್‌ಗೆ ಬಂದು ಕೈಯಲ್ಲಿರುವ ಸರಂಜಾಮು ನೋಡಿದರು. ಒಳ್ಳೆಯ ಆಟಗಾರರಿದ್ದರು, ಆದರೆ ಮಾಡ್ರಿಡ್, ಇಟಲಿಯ ಕ್ಲಬ್ಬುಗಳ ಜೊತೆ ಓಡಿ ಓಡಿ ಅಂಕ ಗಳಿಸುವಷ್ಟು ಪ್ರತಿಭೆ ಇರಲಿಲ್ಲ. ಅಮೆರಿಕದ ಮೈಕೆಲ್ ಯಂಗ್ ಅಂಕ ಗಳಿಸಬಲ್ಲವರು. ಗ್ವಾಡಲೂಪ್ ದ್ವೀಪದ ಜಿಮ್ ಬಿಲ್ಬಾ ಬುಟ್ಟಿಯ ಕೆಳಗೆ ದುಡಿಯಬಲ್ಲವರು. 1982ರ ತಂಡದಲ್ಲೂ ಇದ್ದ ರಿಷಾರ್ ದಕೂರಿ ಇನ್ನೂ ಅಲ್ಲೇ ಇದ್ದರು. ಸ್ಲೊವೇನಿಯಾದ ಯೂರೆ ಜ್ಡೋವ್ಸ್ ಎದುರಾಳಿಯನ್ನು ಅಂಟಿಕೊಂಡು ಕಾಯುವುದರಲ್ಲಿ ಹೆಸರಾದವರು. (1991ರಲ್ಲಿ ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿದಾಗ ಯುಗೊಸ್ಲಾವಿಯ ತಂಡವನ್ನು ಯುರೋಪಿಯನ್ ಚಾಂಪಿಯನ್‌ಷಿಪ್‌ನ ನಡುವೆಯೇ ಬಿಟ್ಟು ಬಂದವರು ಇವರೇ. ಅದೇ ಒಂದು ಬೇರೆ ಭಾಷಣವಾದೀತು.)

ಮಾಲ್ಕೊವಿಚ್ ಮಾಡಿದ್ದೇನು? ಆಟವನ್ನು ನಿಧಾನ ಮಾಡಿಬಿಟ್ಟರು. ಆಗಿನ ನಿಯಮದಲ್ಲಿ ಚೆಂಡು ಸಿಕ್ಕ ತಂಡ 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕಿತ್ತು. ಲಿಮೋಜ್ ಆ 30 ಸೆಕೆಂಡನ್ನು ಪೂರ್ತಿ ಹೀರಿಕೊಳ್ಳುತ್ತಿತ್ತು. ಪಾಸು, ಮತ್ತೊಂದು ಪಾಸು, ಇನ್ನೂ ಒಂದು, ಕೊನೆಯ ಕ್ಷಣದಲ್ಲಿ ಎಸೆತ. ಚೆಂಡು ಎದುರಾಳಿಯ ಕೈಗೆ ಹೋದರೆ ಮೈಮೇಲೆ ಬಿದ್ದಂಥ ಕಾವಲು. ಇದರ ಹಿಂದಿನ ಲೆಕ್ಕ ಸರಳ. ಐದು ದಿನದ ಟೆಸ್ಟ್‌ನಲ್ಲಿ ಬಲಿಷ್ಠ ತಂಡವನ್ನು ಸೋಲಿಸುವುದಕ್ಕಿಂತ ಇಪ್ಪತ್ತು ಓವರಿನ ಪಂದ್ಯದಲ್ಲಿ ಸೋಲಿಸುವುದು ಸುಲಭ, ಅಲ್ಲವೇ? ಸರದಿಗಳು ಕಡಿಮೆಯಾದಷ್ಟೂ ದೊಡ್ಡವರ ದೊಡ್ಡತನ ಮೆರೆಯಲು ಅವಕಾಶ ಕಡಿಮೆ. ಪಂದ್ಯ ಉದ್ದಕ್ಕೆ ಅಷ್ಟೇ ಇದ್ದರೂ ಮಾಲ್ಕೊವಿಚ್ ಅದನ್ನು ಒಳಗಿನಿಂದ ಚಿಕ್ಕದು ಮಾಡಿದ್ದರು.

ಗ್ರೀಸಿನ ಅಥೆನ್ಸ್ ಪಕ್ಕದ ಪಿರೇಯಸ್‌ನಲ್ಲಿ ಕೊನೆಯ ನಾಲ್ಕು ತಂಡಗಳ ಸ್ಪರ್ಧೆ. ಸೆಮಿಫೈನಲ್‌ನಲ್ಲಿ ರಿಯಲ್ ಮಾಡ್ರಿಡ್. ಅವರ ಬಳಿ ಲಿಥುವೇನಿಯಾದ ದೈತ್ಯ ಸಬೋನಿಸ್. ಲಿಮೋಜ್ 62-52ರಿಂದ ಗೆದ್ದಿತು. ಫೈನಲ್‌ನಲ್ಲಿ ಇಟಲಿಯ ಬೆನೆಟ್ಟನ್ ಟ್ರೆವಿಜೊ, ಬಟ್ಟೆ ಕಂಪನಿಯ ದುಡ್ಡಿನ ಬೆಂಬಲವಿದ್ದ ಶ್ರೀಮಂತ ತಂಡ. ಅವರ ತಾರೆ ಟೋನಿ ಕುಕೋಚ್. ಸ್ಪ್ಲಿಟ್‌ನಲ್ಲಿ ಮಾಲ್ಕೊವಿಚ್ ಕೈಕೆಳಗೇ ಬೆಳೆದ ಹುಡುಗ! ಶಿಷ್ಯನ ಆಟ ಎಲ್ಲಿ ಚಿಗುರುತ್ತದೆ, ಎಲ್ಲಿ ಒಣಗುತ್ತದೆ ಎಂಬುದು ಗುರುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ ಹೇಳಿ? ಅರ್ಧ ಪಂದ್ಯದವರೆಗೆ ಟ್ರೆವಿಜೊ ಮುಂದಿತ್ತು. ಆಮೇಲೆ ಲಿಮೋಜ್ ಹಿಡಿತ ಬಿಗಿಯಾಯಿತು. ಕೊನೆಯ ಕ್ಷಣಗಳಲ್ಲಿ ಚೆಂಡು ಕುಕೋಚ್ ಕೈಯಲ್ಲಿತ್ತು. ಫ್ರೆಡರಿಕ್ ಫೋರ್ಟ್ ಎಂಬ 23 ವರ್ಷದ ಫ್ರೆಂಚ್ ಗಾರ್ಡ್ ನುಗ್ಗಿ ಅದನ್ನು ಕಿತ್ತುಕೊಂಡರು. ಲಿಮೋಜ್ 59, ಟ್ರೆವಿಜೊ 55.

ಯುರೋಪಿನ ಫೈನಲ್ ಒಂದರಲ್ಲಿ ಎರಡೂ ತಂಡ ಸೇರಿ 114 ಅಂಕ! ಇದು ಬಾಸ್ಕೆಟ್‌ಬಾಲೇ ಅಲ್ಲ, ಆಟವನ್ನೇ ಕೊಲ್ಲುತ್ತಿದ್ದಾರೆ ಎಂದು ಬೈದವರು ಬಹಳ. ನೋಡಲು ಚೆಂದವಿರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇದ್ದ ಆಟಗಾರರನ್ನಿಟ್ಟುಕೊಂಡು ಅಂದವಾಗಿ ಆಡಿ ಸೋತಿದ್ದರೆ ಇವತ್ತು ಯಾರು ನೆನೆಯುತ್ತಿದ್ದರು? 2000ದಲ್ಲಿ ಅಂತರರಾಷ್ಟ್ರೀಯ ನಿಯಮ ಬದಲಾಗಿ 30 ಸೆಕೆಂಡು 24ಕ್ಕಿಳಿಯಿತು. ಆ ಬಗೆಯ ಆಟಕ್ಕೆ ಜಾಗ ಕಿರಿದಾಯಿತು.

ಆ 2000ನೇ ಇಸವಿಯೇ ಲಿಮೋಜ್ ಚರಿತ್ರೆಯ ವಿಚಿತ್ರ ವರ್ಷ. ಕೋಚ್ ದುಶ್ಕೊ ಇವಾನೊವಿಚ್, ಇವರೂ ಸ್ಪ್ಲಿಟ್‌ನಲ್ಲಿ ಮಾಲ್ಕೊವಿಚ್ ಕೆಳಗೆ ಆಡಿದವರೇ. ಆ ವರ್ಷ ಲಿಮೋಜ್ ಫ್ರಾನ್ಸಿನ ಲೀಗ್, ಫ್ರಾನ್ಸಿನ ಕಪ್, ಕೊರಾಚ್ ಕಪ್, ಮೂರನ್ನೂ ಗೆದ್ದಿತು. ಕೊರಾಚ್ ಫೈನಲ್‌ನಲ್ಲಿ ಸೋತ ಸ್ಪೇನಿನ ಮಾಲಗಾ ತಂಡದ ಕೋಚ್ ಯಾರು ಗೊತ್ತೆ? ಅದೇ ಮಾಲ್ಕೊವಿಚ್. ಇಷ್ಟೆಲ್ಲ ಗೆದ್ದ ತಂಡಕ್ಕೆ ಮರುವರ್ಷ ಸಿಕ್ಕ ಜಾಗ ಎರಡನೇ ದರ್ಜೆಯಲ್ಲಿ. ಪಂದ್ಯ ಸೋತು ಅಲ್ಲ, ಸಾಲದಿಂದ. ಫ್ರಾನ್ಸಿನಲ್ಲಿ ವೃತ್ತಿಪರ ಕ್ಲಬ್ಬುಗಳ ಜಮಾಖರ್ಚು ತಪಾಸಣೆ ಮಾಡುವ ಸಮಿತಿ ಇದೆ. ಪುಸ್ತಕ ಸರಿಯಿಲ್ಲದಿದ್ದರೆ ಚಾಂಪಿಯನ್ ಆದರೂ ಬಿಡುವುದಿಲ್ಲ, ಕೆಳಗಿಳಿಸುತ್ತದೆ. ಲಿಮೋಜ್ ಕಷ್ಟಪಟ್ಟು ಮೇಲೆ ಬಂತು. 2004ರಲ್ಲಿ ಮತ್ತೆ ಕುಸಿಯಿತು, ಈ ಸಲ ನೇರ ದಿವಾಳಿ, ನೇರ ಮೂರನೇ ದರ್ಜೆ.

ಇಷ್ಟು ಪುಟ್ಟ ಊರು ವರ್ಷ ವರ್ಷ ಯುರೋಪಿನ ದೊಡ್ಡವರ ಸಂಬಳ ಕೊಡುತ್ತ ಎಷ್ಟು ದಿನ ತೂಗಬಹುದು? ಮಾಲ್ಕೊವಿಚ್ ಅಂಕಣದಲ್ಲಿ ಕೇಳಿಕೊಂಡಿದ್ದ ಪ್ರಶ್ನೆಯನ್ನು ಕಚೇರಿಯಲ್ಲಿ ಕುಳಿತವರು ಕೇಳಿಕೊಳ್ಳಲಿಲ್ಲ.

ಅದನ್ನು ಕೇಳಿಕೊಂಡವರು ಫೋರ್ಟ್. ಕುಕೋಚ್ ಕೈಯಿಂದ ಚೆಂಡು ಕಿತ್ತ ಅದೇ ಫೋರ್ಟ್ 2004ರಲ್ಲಿ ಅಧ್ಯಕ್ಷರಾಗಿ ಕ್ಲಬ್ಬನ್ನು ಮೂರನೇ ದರ್ಜೆಯಿಂದ ಕಟ್ಟತೊಡಗಿದರು. ನನ್ನ ದೃಷ್ಟಿಯಲ್ಲಿ ಇದು ಆ ಫೈನಲ್‌ಗಿಂತ ದೊಡ್ಡ ಕೆಲಸ. ಕೆಳಗಿನ ದರ್ಜೆಯಲ್ಲಿದ್ದಾಗಲೂ ಬೋಬ್ಲಾಂ ಒಳಾಂಗಣ ಕ್ರೀಡಾಂಗಣಕ್ಕೆ ಜನ ಬರುವುದನ್ನು ಬಿಡಲಿಲ್ಲ, ಅದು ಅವರ ಬಂಡವಾಳ. ದಾರಿ ನೇರವಿರಲಿಲ್ಲ. 2010ರಲ್ಲಿ ಮೊದಲ ದರ್ಜೆಗೆ ಹತ್ತಿದರು, ಮರುವರ್ಷವೇ ಜಾರಿದರು, 2012ರಲ್ಲಿ ಮತ್ತೆ ಹತ್ತಿದರು. 2014ರಲ್ಲಿ ಸ್ಟ್ರಾಸ್‌ಬೂರ್ ತಂಡವನ್ನು ಸೋಲಿಸಿ ಫ್ರಾನ್ಸಿನ ಚಾಂಪಿಯನ್ ಆದರು. 2015ರಲ್ಲೂ ಅದೇ ಎದುರಾಳಿ, ಅದೇ ಗೆಲುವು. ಲಿಮೋಜ್‌ಗೆ ಅದು 11ನೇ ರಾಷ್ಟ್ರೀಯ ಪಟ್ಟ.

ಫೋರ್ಟ್ 2017ರ ಡಿಸೆಂಬರ್ 31ರಂದು ಹಠಾತ್ತನೆ ತೀರಿಕೊಂಡರು. 47 ವರ್ಷ. ಆಮೇಲೆ ಕ್ಲಬ್ಬಿನ ಹೊಣೆ ಹೊತ್ತವರು ಅವರ ಪತ್ನಿ ಸೆಲೀನ್ ಫೋರ್ಟ್.

ಲಿಮೋಜ್ ನಂತರ ಫ್ರೆಂಚ್ ಲೀಗಿನ ಇನ್ನೊಂದು ಕ್ಲಬ್ಬು ಯುರೋಪಿನ ಆ ಫೈನಲ್ ತಲುಪಲು 32 ವರ್ಷ ಬೇಕಾಯಿತು. 2025ರಲ್ಲಿ ಮೊನಾಕೊ ತಂಡ ಅಬುಧಾಬಿಯಲ್ಲಿ ಟರ್ಕಿಯ ಫೆನರ್‌ಬಾಚೆ ಎದುರು ಆಡಿತು, 81-70ರಿಂದ ಸೋತಿತು. ಲಿಮೋಜಿನವರು ಆ ರಾತ್ರಿ ಯಾರ ಪರವಾಗಿದ್ದರೋ, ಕೇಳಿದರೆ ನಿಜ ಹೇಳುತ್ತಾರೆ ಎಂಬ ನಂಬಿಕೆ ನನಗಿಲ್ಲ. ನಮಸ್ಕಾರ.