ಬಟನ್ ಒತ್ತಿದರೆ ‘ಟಕ್’ ಅಷ್ಟೇ: ಹಳೇ 350 ಬೈಕಿನ ಸೆಲ್ಫ್ ಸ್ಟಾರ್ಟ್ ರಿಪೇರಿ

ನಮಸ್ಕಾರ. ಇವತ್ತು ಸುತ್ತಾಟ ಇಲ್ಲ. ನಂದಿ ಬೆಟ್ಟವೂ ಇಲ್ಲ, ಬಿಡದಿ ತಟ್ಟೆ ಇಡ್ಲಿಯೂ ಇಲ್ಲ. ಹನುಮಂತನಗರದ ಮನೆ ಗೇಟಿನ ಒಳಗೆ ಹಳೇ ಸಿಂಗಲ್ ಸಿಲಿಂಡರ್ 350, ಒಂದು ಮಲ್ಟಿಮೀಟರ್, ನಾನು. ಅಷ್ಟೇ.

ಮೊದಲು ಶಬ್ದ ಕೇಳಿ. ಕೀ ಆನ್. ನ್ಯೂಟ್ರಲ್ ಲೈಟ್ ಬಂತು. ಈಗ ಬಟನ್ ಒತ್ತುತ್ತೇನೆ. ಟಕ್. ಆಮೇಲೆ ಒಂದು ಗೊಣಗಾಟ, ಎಂಜಿನ್ ಅರ್ಧ ತಿರುಗಿ ನಿಂತಿತು. ಇನ್ನೊಂದು ಸಲ ಒತ್ತಿದರೂ ಅದೇ ಕಥೆ.

ಪಕ್ಕದ ಮನೆ ಅಂಕಲ್ ವಾಕಿಂಗ್ ಮುಗಿಸಿ ಬಂದವರು ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿದರು. “ಬ್ಯಾಟರಿ ಹೋಗಿದೆ ಕಣಪ್ಪ, ಸುಮ್ನೆ ಯಾಕೆ ಒದ್ದಾಡ್ತೀಯ?” ಬೀದಿಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಬ್ಯಾಟರಿ ಅಂದರೆ ಸಾವಿರಗಟ್ಟಲೆ ದುಡ್ಡು. ಅಳತೆ ಮಾಡದೆ ಯಾಕೆ ಕೊಡಬೇಕು, ಅಲ್ವಾ?

ಸಿಂಗಲ್ ಸಿಲಿಂಡರ್ ಬೈಕಿಗೆ ಈ ತೊಂದರೆ ಯಾಕೆ ಜಾಸ್ತಿ ಅಂದರೆ, 350 ಸಿಸಿ ಪೂರ್ತಿ ಇರುವುದು ಒಂದೇ ಪಿಸ್ಟನ್ ಮೇಲೆ. ಅದು ಕಂಪ್ರೆಷನ್‌ಗೆ, ಅಂದರೆ ಒಳಗಿನ ಗಾಳಿ-ಪೆಟ್ರೋಲ್ ಅದುಮುವ ಹಂತಕ್ಕೆ ಬಂದಾಗ ಎಷ್ಟು ಬಿಗಿ ಅಂತ ಕಿಕ್ ಹೊಡೆದವರ ಕಾಲಿಗೆ ಚೆನ್ನಾಗಿ ಗೊತ್ತು. ಅದನ್ನು ದಾಟಿಸುವುದು ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೋಟಾರ್. ಆ ಕ್ಷಣಕ್ಕೆ ಅದು ಎಳೆಯುವ ಕರೆಂಟ್ 100 ಆಂಪಿಯರ್ ಆಸುಪಾಸಿಗೆ ಹೋಗಬಹುದು. ಅಷ್ಟು ಕರೆಂಟು ಹ್ಯಾಂಡಲ್ ಮೇಲಿನ ಬಟನ್‌ನಲ್ಲಿ ಹರಿದರೆ ಬಟನ್ ಸುಟ್ಟೇ ಹೋಗುತ್ತದೆ. ಅದಕ್ಕೇ ನಡುವೆ ಒಂದು ರಿಲೇ. ಬಟನ್ ರಿಲೇಗೆ ಸ್ವಲ್ಪ ಕರೆಂಟ್ ಕೊಡುತ್ತದೆ, ರಿಲೇ ಒಳಗೆ ‘ಟಕ್’ ಅಂತ ಎರಡು ದಪ್ಪ ವೈರುಗಳನ್ನು ಸೇರಿಸುತ್ತದೆ.

ಹಾಗಾಗಿ ‘ಟಕ್’ ಕೇಳಿಸಿತು ಅಂದರೆ ಅರ್ಧ ತನಿಖೆ ಮುಗಿದ ಹಾಗೆ. ಫ್ಯೂಸ್ ಸರಿ ಇದೆ, ಕಿಲ್ ಸ್ವಿಚ್ (ಹ್ಯಾಂಡಲ್ ಮೇಲೆ ಎಂಜಿನ್ ಆಫ್ ಮಾಡುವ ಸ್ವಿಚ್) ಸರಿ ಇದೆ, ಬಟನ್ ಸರಿ ಇದೆ. ತೊಂದರೆ ದಪ್ಪ ವೈರುಗಳ ಕಡೆ. ಏನೂ ಶಬ್ದವೇ ಇಲ್ಲದಿದ್ದರೆ ಉಲ್ಟಾ. ಆಗ ಸಣ್ಣ ವೈರುಗಳ ಕಡೆ ಹುಡುಕಬೇಕು. ಮೊದಲು ಕಿಲ್ ಸ್ವಿಚ್ ನೋಡಿ, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಕ್ಕಳು ಒತ್ತಿರುತ್ತಾರೆ! ಆಮೇಲೆ ಫ್ಯೂಸ್. ಆಮೇಲೆ ಕ್ಲಚ್ ಲಿವರ್ ಹತ್ತಿರದ ಪುಟ್ಟ ಸ್ವಿಚ್, ನಿಮ್ಮ ಬೈಕಿಗೆ ಅದು ಇದ್ದರೆ. ಮಳೆಗಾಲ ಮುಗಿದ ಮೇಲೆ ಬಟನ್ ಒಳಗಿನ ತಾಮ್ರ ಕಪ್ಪಾಗಿರುತ್ತದೆ. ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

‘ಟಕ್ ಟಕ್ ಟಕ್ ಟಕ್’ ಅಂತ ಮಷಿನ್ ಗನ್ ಥರ ಬಡಿದುಕೊಂಡರೆ ಅಂಕಲ್ ಹೇಳಿದ್ದೇ ಸರಿ, ಬ್ಯಾಟರಿ ಖಾಲಿ. ರಿಲೇ ಸೇರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಡುತ್ತದೆ, ಮತ್ತೆ ಸೇರುತ್ತದೆ.

ನಮ್ಮದು ಒಂದೇ ಟಕ್. ಈಗ ಮೀಟರ್ ತೆಗೆಯೋಣ. ಎಸ್.ಪಿ. ರೋಡಿನಲ್ಲಿ ಸಿಗುವ ಸಾದಾ ಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ಇಡಿ. ರಾತ್ರಿಯೆಲ್ಲ ನಿಂತ ಬೈಕಿನ ಬ್ಯಾಟರಿ 12.6 ತೋರಿಸುತ್ತಿದೆ. ಒಳ್ಳೇ ನಂಬರ್. 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ ಅಂದುಕೊಳ್ಳಿ, ಮೊದಲು ಚಾರ್ಜ್ ಮಾಡಿ. ನಿಧಾನವಾಗಿ ಮಾಡಿ. 14 ಆಂಪಿಯರ್ ಅವರ್ ಬ್ಯಾಟರಿಗೆ 1.4 ಆಂಪಿಯರ್ ಸಾಕು.

ಆದರೆ ಸುಮ್ಮನೆ ನಿಂತಾಗಿನ 12.6 ನಂಬಬೇಡಿ. ಬಟನ್ ಒತ್ತಿ ಹಿಡಿದುಕೊಂಡೇ ನೋಡಬೇಕು. ಮೀಟರ್ ಕಡೆ ಗಮನ ಇಡಿ... 11.6. ಇಲ್ಲಿ ನನಗೆ ಅನುಮಾನ ಶುರುವಾಯಿತು. ಬ್ಯಾಟರಿ ಸತ್ತಿದ್ದರೆ ಇದು 9, 8ಕ್ಕೆ ಬೀಳಬೇಕಿತ್ತು. ಮೋಟಾರ್ ತಿರುಗಲು ಕಷ್ಟಪಡುತ್ತಿದೆ, ಬ್ಯಾಟರಿ ಮಾತ್ರ ಆರಾಮಾಗಿದೆ. ಅಂದರೆ ಕರೆಂಟು ಮೋಟಾರ್‌ಗೆ ಪೂರ್ತಿ ತಲುಪುತ್ತಿಲ್ಲ, ದಾರಿಯಲ್ಲಿ ಎಲ್ಲೋ ತಡೆ ಇದೆ.

ಇದನ್ನು ಹಿಡಿಯಲು ಒಂದು ಚೆಂದದ ಟೆಸ್ಟ್ ಇದೆ. ಏನನ್ನೂ ಬಿಚ್ಚಬೇಕಾಗಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ, ಇನ್ನೊಂದು ಎಂಜಿನ್ ಮೈ ಮೇಲೆ, ಬಣ್ಣ ಇಲ್ಲದ ಜಾಗದಲ್ಲಿ. ಎರಡೂ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ ತಾನೆ? ಬಟನ್ ಒತ್ತಿದರೂ ಸೊನ್ನೆಗೆ ಹತ್ತಿರ ಇರಬೇಕು. 0.2, ಹೆಚ್ಚೆಂದರೆ 0.3. ಒತ್ತುತ್ತೇನೆ. 4 ವೋಲ್ಟ್! ಹನ್ನೊಂದೂವರೆಯಲ್ಲಿ ನಾಲ್ಕು ವೋಲ್ಟ್ ಅರ್ತ್ ದಾರಿಯಲ್ಲೇ ಸೋರಿಹೋಗುತ್ತಿದೆ. ಮೋಟಾರ್‌ಗೆ ಉಳಿದಿದ್ದು ಏಳೂವರೆ. ಪಾಪ, ಗೊಣಗದೆ ಏನು ಮಾಡುತ್ತದೆ?

ಇದೇ ಟೆಸ್ಟನ್ನು ಪಾಸಿಟಿವ್ ಕಡೆಗೂ ಮಾಡಬಹುದು, ಬ್ಯಾಟರಿ ಪ್ಲಸ್‌ನಿಂದ ಮೋಟಾರ್ ಟರ್ಮಿನಲ್‌ವರೆಗೆ. ರಿಲೇ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನಮ್ಮದರಲ್ಲಿ ಆ ಕಡೆ ಏನೂ ತೊಂದರೆ ಇರಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ರಿಲೇಯ ಎರಡು ಬೋಲ್ಟ್ ಶಾರ್ಟ್ ಮಾಡುವ ಗ್ಯಾರೇಜ್ ವಿದ್ಯೆ ನಿಮಗೆ ಗೊತ್ತಿರಬಹುದು. ಕೆಲಸ ಮಾಡುತ್ತದೆ, ಆದರೆ ಕಿಡಿ ಹಾರುತ್ತದೆ, ಮೇಲೆ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಮೀಟರ್ ಇರುವಾಗ ಅದು ಬೇಡ.

ಈಗ ಸೀಟ್ ತೆಗೆದು ಅರ್ತ್ ವೈರ್ ಹಿಡಿದು ಹೋಗೋಣ. ಕಪ್ಪು ದಪ್ಪ ವೈರ್, ಬ್ಯಾಟರಿಯಿಂದ ಚಾಸಿಗೆ. ಕ್ಯಾಮೆರಾ ಹತ್ತಿರ ತರುತ್ತೇನೆ. ತುದಿಯಲ್ಲಿ ಬಳೆ ಥರದ ಲಗ್, ಅದರ ಮೇಲೆ ಬೋಲ್ಟ್. ಹೊರಗಿನಿಂದ ಎಲ್ಲ ನೀಟಾಗಿದೆ. ಬೋಲ್ಟ್ ಬಿಚ್ಚಿದ ಮೇಲೆ ಲಗ್ ಕೆಳಗೆ ನೋಡಿ, ಮಿರಮಿರ ಮಿಂಚುವ ಕಪ್ಪು ಬಣ್ಣ. ಹಿಂದೆ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೆ. ಬಣ್ಣ ಚೆನ್ನಾಗೇ ಕೂತಿದೆ, ಕೂರಬಾರದ ಜಾಗದಲ್ಲೂ! ಇಷ್ಟು ದಿನ ಆ ಬೋಲ್ಟಿನ ಥ್ರೆಡ್ ಮೂಲಕವೇ ಕರೆಂಟ್ ಹೇಗೋ ಹರಿಯುತ್ತಿತ್ತು. ಥ್ರೆಡ್‌ಗೆ ತುಕ್ಕು ಹಿಡಿಯಿತು, ಆಟ ನಿಂತಿತು. ಲೈಟು, ಹಾರನ್ ಚೆನ್ನಾಗಿದ್ದವಲ್ಲ ಅಂತ ಕೇಳಬಹುದು. ಅವಕ್ಕೆ ಬೇಕಾಗಿರುವುದು ಕೆಲವೇ ಆಂಪಿಯರ್. ಅಷ್ಟು ತುಕ್ಕಿನ ನಡುವೆಯೂ ನುಸುಳಿಕೊಂಡು ಹೋಗುತ್ತದೆ.

ಬ್ಯಾಟರಿ ವೈರ್ ತೆಗೆಯುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಇದನ್ನು ಮರೆಯಬೇಡಿ. ಉಪ್ಪು ಕಾಗದದಲ್ಲಿ ಬಣ್ಣ ಉಜ್ಜಿದೆ, ಬೆಳ್ಳಗೆ ಕಬ್ಬಿಣ ಕಾಣುವ ತನಕ. ಲಗ್ ಎರಡೂ ಕಡೆ ಉಜ್ಜಿದೆ, ಹೊಸ ಬೋಲ್ಟ್ ಹಾಕಿ ಬಿಗಿ ಮಾಡಿದೆ, ಮೇಲೆ ಸ್ವಲ್ಪ ವ್ಯಾಸಲೀನ್. ವ್ಯಾಸಲೀನ್ ಬಿಗಿ ಮಾಡಿದ ಮೇಲೆ ಹಚ್ಚಬೇಕು, ನೀರು ಒಳಗೆ ಹೋಗದಿರಲಿ ಅಂತ.

ಈಗ ಅದೇ ಟೆಸ್ಟ್. ಬಟನ್. ಎಂಜಿನ್ ಗರ್ರ್ ಅಂತ ತಿರುಗಿ ಹತ್ತಿಕೊಂಡಿತು. ಅರ್ತ್ ಕಡೆ ನಷ್ಟ 0.15. ತಮಾಷೆ ಏನು ಗೊತ್ತಾ? ಬಟನ್ ಒತ್ತಿದಾಗ ಬ್ಯಾಟರಿ ವೋಲ್ಟೇಜ್ ಈಗ 10.3ಕ್ಕೆ ಇಳಿಯುತ್ತಿದೆ, ಮುಂಚೆಗಿಂತ ಜಾಸ್ತಿ. ಗಾಬರಿ ಬೇಡ. ಮೋಟಾರ್ ಈಗ ತನಗೆ ಬೇಕಾದಷ್ಟು ಕರೆಂಟ್ ಎಳೆಯುತ್ತಿದೆ, ಅದಕ್ಕೇ.

ಎಂಜಿನ್ ಓಡುತ್ತಿರುವಾಗಲೇ ಚಾರ್ಜಿಂಗ್ ಕೂಡ ನೋಡಿಬಿಡೋಣ. ಐಡಲ್‌ನಲ್ಲಿ 12.9. ಆಕ್ಸಿಲರೇಟರ್ ಕೊಟ್ಟರೆ 14.1. ಸರಿ ಇದೆ. ಕೊಟ್ಟರೂ 13 ದಾಟದಿದ್ದರೆ ಚಾರ್ಜಿಂಗ್ ಕಾಯಿಲ್ ಅಥವಾ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಕಡೆ ಹೋಗಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದ್ದು ಹಾಳಾಗುತ್ತದೆ. ಆ ಐಡಲ್ ನಂಬರ್ ಗಮನಿಸಿದಿರಾ? ಸಿಲ್ಕ್ ಬೋರ್ಡ್‌ನಲ್ಲಿ ಹೆಡ್‌ಲೈಟ್ ಹಾಕಿಕೊಂಡು, ಬ್ರೇಕ್ ಒತ್ತಿಕೊಂಡು ಇಂಚಿಂಚೇ ಹೋಗುವಾಗ ಬ್ಯಾಟರಿ ತುಂಬುವುದೇ ಇಲ್ಲ. ಅದರ ಮೇಲೆ ಎಕ್ಸ್‌ಟ್ರಾ ಫಾಗ್ ಲೈಟ್ ಬೇರೆ ಹಾಕಿಸಿಕೊಂಡಿರುತ್ತೇವೆ. ದಿನಾ ಮನೆಯಿಂದ ಮೆಟ್ರೋ ಸ್ಟೇಷನ್‌ವರೆಗೆ ಮಾತ್ರ ಓಡಿಸುವವರು ಆಗಾಗ ಚಾರ್ಜರ್ ಹಾಕುವುದು ಒಳ್ಳೆಯದು.

ಇನ್ನೆರಡು ಶಬ್ದ ಉಳಿದಿವೆ. ಬಟನ್ ಬಿಟ್ಟ ಮೇಲೂ ಮೋಟಾರ್ ತಿರುಗುತ್ತಲೇ ಇದ್ದರೆ ರಿಲೇ ಅಂಟಿಕೊಂಡಿದೆ. ಕೀ ಆಫ್ ಮಾಡಿದರೂ ನಿಲ್ಲದಿರಬಹುದು. ಆಗ ಮೊದಲು ಬ್ಯಾಟರಿ ವೈರ್ ಕೀಳಿ. ಹೊಸ ರಿಲೇ ಜೆ.ಸಿ. ರೋಡಿನಲ್ಲಿ ಸಿಗುತ್ತದೆ, ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಇನ್ನೊಂದು, ಮೋಟಾರ್ ‘ಸುಯ್’ ಅಂತ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಅಲುಗಾಡಲ್ಲ. ಇದು ಎಲೆಕ್ಟ್ರಿಕ್ ಕೆಲಸವೇ ಅಲ್ಲ. ಸ್ಪ್ರಾಗ್ ಕ್ಲಚ್, ಅಂದರೆ ಮೋಟಾರ್ ತಿರುಗಿದಾಗ ಮಾತ್ರ ಎಂಜಿನ್ ಹಿಡಿದು ತಿರುಗಿಸುವ ಒನ್-ವೇ ಕ್ಲಚ್, ಜಾರುತ್ತಿದೆ. ಬ್ಯಾಟರಿ ವೀಕ್ ಇದ್ದಾಗ ಪದೇ ಪದೇ ಸೆಲ್ಫ್ ಹೊಡೆದರೆ ಪಿಸ್ಟನ್ ಕಂಪ್ರೆಷನ್ ದಾಟಲಾಗದೆ ಹಿಂದಕ್ಕೆ ಒದೆಯುತ್ತದೆ. ಆ ಏಟು ಬೀಳುವುದು ಸ್ಪ್ರಾಗ್ ಮೇಲೆಯೇ. ಅದನ್ನು ನೋಡಲು ಎಂಜಿನ್ ಕವರ್ ಬಿಚ್ಚಬೇಕು, ಆಯಿಲ್ ಇಳಿಸಬೇಕು, ಹೊಸ ಗ್ಯಾಸ್ಕೆಟ್ ಬೇಕು. ಮೆಕ್ಯಾನಿಕ್ ಅಣ್ಣನ ಹತ್ತಿರ ಬಿಟ್ಟುಬಿಡಿ. ಅಲ್ಲಿಯವರೆಗೆ, ನಿಮ್ಮ ಬೈಕಿಗೆ ಕಿಕ್ಕರ್ ಇದ್ದರೆ ಕಿಕ್ ಹೊಡೆಯಿರಿ.