ಟ್ಯಾಕ್ಸಿಯವರಿಗೆ ಉಳಿದಿದ್ದ ಒಂದು ರಸ್ತೆ

ನಮಸ್ಕಾರ. ಅಲ್ಲಿ ಗಾಳಿ ಸದ್ದು ಜಾಸ್ತಿ ಇತ್ತು, ಅದಕ್ಕೇ ಈ ಮಾತನ್ನೆಲ್ಲ ಮನೆಗೆ ಬಂದು ರೆಕಾರ್ಡ್ ಮಾಡುತ್ತಿದ್ದೇನೆ. ನೀವು ನೋಡುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್. ಆ ತುದಿಯಲ್ಲಿ ಗಡಿಯಾರದ ಗೋಪುರ ಕಾಣುತ್ತಿದೆಯಲ್ಲ, ಅದು ಫೆರಿ ಬಿಲ್ಡಿಂಗ್. ನಡುವೆ ಹಳಿ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿರುವುದು ಎಫ್ ಲೈನಿನ ಹಳೇ ಟ್ರಾಮ್. ಸ್ವಲ್ಪ ಹೊತ್ತು ಸುಮ್ನೆ ನೋಡಿ. ಏನೋ ಕಮ್ಮಿ ಅನ್ನಿಸುತ್ತದೆ, ಅಲ್ವಾ? ಕಾರುಗಳು.

2020ರ ಜನವರಿ 29ರಿಂದ ಈ ರಸ್ತೆಯ ಡೌನ್‌ಟೌನ್ ಭಾಗಕ್ಕೆ ಸ್ವಂತ ಕಾರು ಬರುವಂತಿಲ್ಲ. ಬಸ್ಸು, ಟ್ರಾಮ್, ಸೈಕಲ್, ಸರಕಿನ ಗಾಡಿಗೆ ಬಿಟ್ಟರು. ಟ್ಯಾಕ್ಸಿಗೂ ಬಿಟ್ಟರು. ಆದರೆ ಊಬರ್, ಲಿಫ್ಟ್ ಕಂಪನಿಗಳ ಆ್ಯಪ್ ಕಾರುಗಳಿಗೆ ಬಿಡಲಿಲ್ಲ.

ಇದೇನು ದೊಡ್ಡ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಅಮ್ಮ ಊರಿಂದ ಬಂದಾಗ ಗೊತ್ತಾಯಿತು. ಇದೇ ರಸ್ತೆಯ ಪಾವೆಲ್ ಸ್ಟೇಷನ್ ಹತ್ತಿರ ಸುತ್ತಾಡಿ ಅಮ್ಮನಿಗೆ ಮಂಡಿ ನೋವು ಶುರುವಾಗಿತ್ತು. ಆ್ಯಪ್‌ನಲ್ಲಿ ಕಾರು ಬುಕ್ ಮಾಡಿದರೆ, ಪಕ್ಕದ ಮಿಷನ್ ಸ್ಟ್ರೀಟಿಗೆ ನಡೆದು ಬನ್ನಿ ಅಂತ ತೋರಿಸುತ್ತಿದೆ. ಮ್ಯಾಪ್‌ನಲ್ಲಿ ಒಂದೇ ಬ್ಲಾಕ್. ಆದರೆ ಈ ಕಡೆಯ ಬ್ಲಾಕ್‌ಗಳು ಮುಗಿಯುವುದೇ ಇಲ್ಲ.

"ಇಷ್ಟು ದೊಡ್ಡ ರಸ್ತೆ ಖಾಲಿ ಬಿದ್ದಿದೆ, ಇಲ್ಲಿಗೇ ಬರೋಕೆ ಹೇಳೋ" ಅಂದರು ಅಮ್ಮ. ಹೇಳಿದರೆ ಬರುತ್ತದೆಯೇ? ಅಷ್ಟರಲ್ಲಿ ಒಂದು ಹಳದಿ ಟ್ಯಾಕ್ಸಿ ಬಂತು. ಅಮ್ಮನೇ ಕೈ ಅಡ್ಡ ಹಿಡಿದರು, ನಿಂತಿತು. ಮೊದಲು ನಮ್ಮೂರಿನ ಆಟೋ ನಿಲ್ಲುತ್ತಿದ್ದ ಹಾಗೆ! ಮೀಟರ್ ಮೇಲೆ ಐವತ್ತು ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಡ್ರೈವರ್ ಪಂಜಾಬಿನವರು. ಅಮ್ಮನನ್ನು ಮಾತಾಜಿ ಅಂತಲೇ ಮಾತಾಡಿಸಿದರು. ಗಾಡಿ ನಿಮ್ಮದೇನಾ ಅಂತ ಅಮ್ಮ ತಮ್ಮ ಹರುಕು ಮುರುಕು ಹಿಂದಿಯಲ್ಲಿ ಕೇಳಿದರು. ಗಾಡಿ ನನ್ನದು, ಮೆಡಾಲಿಯನ್ ಸಾಲ ಇನ್ನೂ ತೀರಿಲ್ಲ ಅಂದರು ಅವರು, ನಗುತ್ತಲೇ.

ಈ ಮೆಡಾಲಿಯನ್ ಕಥೆ ಸ್ವಲ್ಪ ಹೇಳಬೇಕು. ಅದು ಟ್ಯಾಕ್ಸಿ ಓಡಿಸಲು ನಗರ ಕೊಡುವ ಪರವಾನಗಿ. 1978ರ ಒಂದು ಕಾನೂನಿನಿಂದಾಗಿ ಅದನ್ನು ಮಾರುವ ಹಾಗಿರಲಿಲ್ಲ. ಡ್ರೈವರ್‌ಗಳು ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. 2010ರಲ್ಲಿ ನಗರವೇ ಮಾರಾಟ ಶುರು ಮಾಡಿತು. ಬೆಲೆ ಎರಡೂವರೆ ಲಕ್ಷ ಡಾಲರ್! ಜನ ಸಾಲ ಮಾಡಿ ಕೊಂಡರು. ಅದೇ ವರ್ಷ, ಇದೇ ಊರಲ್ಲಿ ಊಬರ್‌ಕ್ಯಾಬ್ ಅನ್ನುವ ಆ್ಯಪ್ ಓಡಲು ಶುರುವಾಯಿತು. ಅಧಿಕಾರಿಗಳು ನೋಟಿಸ್ ಕೊಟ್ಟರು. ಕಂಪನಿ ಹೆಸರಿನಿಂದ ಕ್ಯಾಬ್ ತೆಗೆದು ಹಾಕಿತು, ಗಾಡಿ ಓಡುತ್ತಲೇ ಇತ್ತು. 2013ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಆಯೋಗ ಇಂಥ ಕಾರುಗಳಿಗೆ ಅಂತಲೇ ಬೇರೆ ವರ್ಗ ಮಾಡಿಕೊಟ್ಟಿತು. ಮೆಡಾಲಿಯನ್ ಬೇಕಿಲ್ಲ.

ಅಂದರೆ ಟ್ಯಾಕ್ಸಿ ನಗರದ ಕೈಯಲ್ಲಿ, ಆ್ಯಪ್ ಕಾರು ರಾಜ್ಯದ ಕೈಯಲ್ಲಿ. ಎಷ್ಟು ಕಾರು ಓಡಬೇಕು ಅಂತ ನಗರ ಹೇಳುವ ಹಾಗಿಲ್ಲ. 2010ರಿಂದ 2016ರವರೆಗೆ ಇಲ್ಲಿ ಹೆಚ್ಚಾದ ಟ್ರಾಫಿಕ್ ಜಾಮ್‌ನಲ್ಲಿ ಅರ್ಧ ಈ ಕಾರುಗಳದ್ದೇ ಅಂತ ಇಲ್ಲಿನ ಸಾರಿಗೆ ಪ್ರಾಧಿಕಾರ 2018ರಲ್ಲಿ ಲೆಕ್ಕ ಕೊಟ್ಟಿತು. ಲೆಕ್ಕ ಕೊಡಬಹುದು, ತಡೆಯಲಾಗದು. ಯಾವ ರಸ್ತೆಗೆ ಯಾರು ಬರಬೇಕು ಅನ್ನುವುದೊಂದು ಮಾತ್ರ ನಗರದ ಕೈಯಲ್ಲಿತ್ತು. ಹಾಗಾಗಿ ಎರಡೂವರೆ ಲಕ್ಷ ಕೊಟ್ಟವರಿಗೆ ಉಳಿದದ್ದೂ ಇಂಥ ಒಂದೆರಡು ಅನುಕೂಲ. ಈ ಮಾರ್ಕೆಟ್ ಸ್ಟ್ರೀಟ್, ಕೆಂಪು ಬಣ್ಣ ಬಳಿದ ಬಸ್ ಲೇನ್, ಏರ್‌ಪೋರ್ಟಿನ ಸರದಿ.

2025ರ ಆಗಸ್ಟ್‌ನಲ್ಲಿ ಇಲ್ಲಿಗೂ ಬೇರೆಯವರು ಬಂದರು. ಮೇಯರ್ ಡೇನಿಯಲ್ ಲೂರಿ ತಾನಾಗಿಯೇ ಓಡುವ ವೇಮೋ ಕಾರುಗಳನ್ನು, ಊಬರ್ ಬ್ಲ್ಯಾಕ್, ಲಿಫ್ಟ್ ಬ್ಲ್ಯಾಕ್ ಅನ್ನುವ ದುಬಾರಿ ಕಾರುಗಳನ್ನು ಒಳಗೆ ಬಿಟ್ಟರು. ಕೋವಿಡ್ ಆದ ಮೇಲೆ ಡೌನ್‌ಟೌನ್ ಭಣಗುಡುತ್ತಿದೆ, ಜನ ಬರಬೇಕು ಅನ್ನುವುದು ಅವರ ಕಾರಣ. ಸುಳ್ಳೇನಲ್ಲ. ಈ ಕಟ್ಟಡ ನೋಡಿ. ಇಲ್ಲಿದ್ದ ನಾರ್ಡ್‌ಸ್ಟ್ರಾಮ್ ಅಂಗಡಿ 2023ರಲ್ಲೇ ಬಾಗಿಲು ಹಾಕಿತು.

ಆದರೆ ಒಳಗೆ ಬಂದವರು ಯಾರು ನೋಡಿ. ಸ್ವಂತ ಪುಟ್ಟ ಕಾರಿನಲ್ಲಿ ಊಬರ್ ಓಡಿಸುವವನು ಈಗಲೂ ಮಿಷನ್ ಸ್ಟ್ರೀಟಿನಲ್ಲೇ ಕಾಯಬೇಕು. ಬಂದಿರುವುದು ದುಬಾರಿ ಕರಿ ಕಾರು, ಮತ್ತೆ ಡ್ರೈವರೇ ಇಲ್ಲದ ಕಾರು. ಮಂಡಿ ನೋವಿನ ಅಮ್ಮಂದಿರಿಗೋಸ್ಕರ ಮಾಡಿದ್ದು ಅಂತ ನನಗಂತೂ ಅನ್ನಿಸಲಿಲ್ಲ. ಇನ್ನೊಂದು ತಮಾಷೆ. 2022ರಿಂದ ಇಲ್ಲಿನ ಕೆಲವು ಟ್ಯಾಕ್ಸಿಗಳೂ ಊಬರ್ ಆ್ಯಪ್‌ನಿಂದಲೇ ಗಿರಾಕಿ ಹಿಡಿಯುತ್ತಿವೆ. ಜಗಳವೂ ಅವರ ಜೊತೆ, ಊಟವೂ ಅವರ ಜೊತೆ.

ಈ ಶಾಟ್ ನೋಡಿ. ವೇಮೋ ಬರುತ್ತಿದೆ, ಬಿಳಿ ಜಾಗ್ವಾರ್. ಸ್ಟೀರಿಂಗ್ ತಾನಾಗಿಯೇ ತಿರುಗುತ್ತಿದೆ, ಸೀಟು ಖಾಲಿ. ಅದರ ಹಿಂದೆಯೇ ತಲೆ ಮೇಲೆ ದೀಪ ಹಚ್ಚಿಕೊಂಡ ಟ್ಯಾಕ್ಸಿ. ಒಳಗೆ ಡ್ರೈವರ್ ಇದ್ದಾರೆ, ಗಿರಾಕಿ ಇಲ್ಲ.

ಈ ಹೊಸಬರನ್ನು ಒಳಗೆ ಬಿಟ್ಟಾಗ ಒಂದು ಷರತ್ತು ಹಾಕಿದ್ದರು. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ಮೂರೂವರೆಯಿಂದ ಆರೂವರೆ ಅವರು ಇಲ್ಲಿ ಗಿರಾಕಿ ಹತ್ತಿಸುವಂತಿಲ್ಲ. ನಾನು ಕ್ಯಾಮೆರಾ ಮುಚ್ಚುವಾಗ ಮೂರೂವರೆ ದಾಟಿತ್ತು. ಹೋಟೆಲ್ ಮುಂದೆ ಸೂಟ್‌ಕೇಸ್ ಹಿಡಿದ ಹೆಂಗಸೊಬ್ಬರು ಫೋನ್ ನೋಡಿದರು, ರಸ್ತೆ ನೋಡಿದರು, ಮತ್ತೆ ಫೋನ್ ನೋಡಿದರು. ಆಮೇಲೆ ಕೈ ಎತ್ತಿದರು.